ಕೊನೆಯ ಬೆಸುಗೆ

ಯಂತ್ರದ ಪರದೆಯ ಮೇಲೆ, ಮದ್ದು ಇದ್ದರೆ ಏರಬೇಕಾದ ಗೆರೆ ಈ ಸಲವೂ ತಲೆಯೆತ್ತಲಿಲ್ಲ. ಪುಟ್ಟಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಪ್ರಯೋಗಾಲಯದಲ್ಲಿ ಅವಳು ಡಾಕ್ಟರು. ಮನೆಯಲ್ಲಿ ಮಾತ್ರ ಇನ್ನೂ ಪುಟ್ಟಿ.

ನಿತ್ಯಪುಷ್ಪದ ಗಿಡ ಬೇಲಿ, ಮೋರಿ ಎನ್ನದೆ ಎಲ್ಲೆಂದರಲ್ಲಿ ಬೆಳೆಯುತ್ತದೆ. ಅದರ ಎಲೆ ತನ್ನ ಪಾಡಿಗೆ ತಾನು, ಒಂದು ಕಿಣ್ವ ತಿದ್ದಿದ್ದನ್ನು ಇನ್ನೊಂದರ ಕೈಗೆ ದಾಟಿಸುತ್ತ, ರಕ್ತದ ಕ್ಯಾನ್ಸರಿಗೆ ಮದ್ದಾಗುವ ವಸ್ತುವೊಂದನ್ನು ಕಟ್ಟುತ್ತದೆ. ಆ ಕಿಣ್ವಗಳನ್ನೆಲ್ಲ ಯೀಸ್ಟಿಗೆ ಕೂಡಿಸಿ, ಅದರಿಂದಲೇ ಮದ್ದು ಮಾಡಿಸುವುದು ಪುಟ್ಟಿಯ ಕೆಲಸ. ಮದ್ದಿನ ಎರಡು ತುಂಡುಗಳನ್ನು ಯೀಸ್ಟು ಹೇಗೋ ಮಾಡುತ್ತಿತ್ತು. ಅವನ್ನು ಬೆಸೆಯುವ ಹೊತ್ತಿಗೆ ಕೈಚೆಲ್ಲುತ್ತಿತ್ತು.

ಅಷ್ಟರಲ್ಲಿ ಭಾವನ ಫೋನು ಬಂತು. ಅಕ್ಕನ ಕ್ಯಾನ್ಸರಿಗೆ ಬೇಕಾದ ಅದೇ ಮದ್ದು ಎಲ್ಲೂ ಸಿಗುತ್ತಿಲ್ಲವೆಂದು ಆಸ್ಪತ್ರೆಯವರು ಅವಳನ್ನು ಮನೆಗೆ ಕಳಿಸಿಬಿಟ್ಟಿದ್ದರಂತೆ.

ಪುಟ್ಟಿ ಹೋದಾಗ ಭಾವ ಅಡುಗೆಮನೆಯಲ್ಲಿದ್ದರು, ಮೈಮೇಲೆ ಇನ್ನೂ ಬಸ್ ಡ್ರೈವರ್ ಸಮವಸ್ತ್ರ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವರು ಎಲೆ ತೊಳೆಯುತ್ತಿದ್ದರು.

"ಮದ್ದು ಇದರಲ್ಲೇ ಇದೆ ಅಂತ ನೀನೇ ಹೇಳಿದ್ದಲ್ವಾ ಪುಟ್ಟಿ? ಡಿಪೋ ಹಿಂದೆ ರಾಶಿ ಬೆಳೆದಿದೆ. ಕುದಿಸಿ ಕೊಡೋಣ."

ಲಾರಿಗಟ್ಟಲೆ ಎಲೆ ಹಿಂಡಿದರೂ ಸಿಗುವುದು ಚಿಟಿಕೆಯಷ್ಟು, ಅದರ ಜೊತೆ ಬರುವ ಬೇರೆ ವಿಷಗಳನ್ನು ಅಕ್ಕನ ಮೈ ತಾಳುವುದಿಲ್ಲ ಎಂದು ಪುಟ್ಟಿ ಬಿಡಿಸಿ ಹೇಳಿದಳು. ಭಾವ ಕೇಳಿಸಿಕೊಂಡರು, ಕೈ ಮಾತ್ರ ತೊಳೆಯುತ್ತಲೇ ಇತ್ತು.

"ಹಾಗಾದ್ರೆ ಸುಮ್ನೆ ನೋಡ್ತಾ ಕೂತ್ಕೊಳ್ಳೋದಾ?"

ಪುಟ್ಟಿ ಒಲೆ ಆರಿಸಿದಳು. ಭಾವ ಗೋಡೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುವುದನ್ನು ನೋಡಲಾರದೆ ಅವಳು ಕೋಣೆಗೆ ಹೋದಳು.

ಅಕ್ಕನಿಗೆ ಎಲ್ಲ ಕೇಳಿಸಿತ್ತು.

"ಏನಂತೆ ನಿನ್ನ ಯೀಸ್ಟು? ಇವತ್ತಾದ್ರೂ ಪಾಸಾಯ್ತಾ?"

ಹೂಂ ಎಂದುಬಿಡಬೇಕು ಎಂದುಕೊಂಡೇ ಬಂದಿದ್ದಳು. ಬಾಯಿ ಬರಲಿಲ್ಲ. "ಇಲ್ಲಕ್ಕ."

"ಮೋರಿ ಪಕ್ಕ ಬಿದ್ದಿರೋ ಗಿಡಕ್ಕೆ ಬರುತ್ತೆ. ಇಷ್ಟೆಲ್ಲ ಓದಿದ್ದೀಯ, ನಿನಗ್ಯಾಕೆ ಬರ್ತಿಲ್ಲ ಪುಟ್ಟಿ?"

ಅದರಲ್ಲಿ ಕೊಂಕಿರಲಿಲ್ಲ. ಅಕ್ಕನಿಗೆ ನಿಜಕ್ಕೂ ತಿಳಿಯಬೇಕಿತ್ತು. ಗಿಡ ಅದನ್ನು ಕಲಿಯಲು ಯುಗಗಳೇ ಹಿಡಿದಿವೆ ಎಂಬ ಮಾತು ಪುಟ್ಟಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಹೋಗಲಿ ಬಿಡು," ಎಂದಳು ಅಕ್ಕ. "ಕಾಲು ಭಾರ ಅನ್ನಿಸ್ತಿದೆ. ಸ್ವಲ್ಪ ಒತ್ತು."

ಪುಟ್ಟಿ ಹೊದಿಕೆ ಸರಿಸಿ, ನೀರು ತುಂಬಿ ಬಾತಿದ್ದ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳು ಊರಿದ ಕಡೆ ಗುಳಿ ಬಿತ್ತು. ಬೆರಳು ತೆಗೆದು ಕಾದಳು. ಗುಳಿ ಹಾಗೇ ಇತ್ತು.