ಏಳೂಕಾಲು ಮೀಟರ್

ಮುಂದಿನ ಸೀಟಿನ ಕಂಬಿಗೆ ಯಾರೋ ನೇತುಹಾಕಿದ ಹುಣಸೆಹಣ್ಣಿನ ಚೀಲ ಎಡಕ್ಕೆ ವಾಲುತ್ತದೆ, ಬಲಕ್ಕೆ ವಾಲುತ್ತದೆ, ಮತ್ತೆ ಎಡಕ್ಕೆ — ಯಶೋಧರಾಳ ಕಣ್ಣು ಅದರ ಮೇಲೆ, ಕೈ ಮಾತ್ರ ತೊಡೆಯ ಮೇಲಿನ ಬ್ಯಾಗನ್ನು ಒತ್ತಿ ಹಿಡಿದಿದೆ, ಅದರೊಳಗೆ ಸುರುಳಿ ಸುತ್ತಿಕೊಂಡು ಕೂತಿದೆಯಲ್ಲ ಆ ಅಳತೆ ಟೇಪು. ಏಳು ಮೀಟರ್ ಇಪ್ಪತ್ತೈದು. ಒಂದಲ್ಲ ಮೂರು ಸಲ ಅಳೆದಳು, ಟೇಪಿನ ತುದಿ ಹಿಡಿದಿದ್ದ ಕೋಚ್ ಕಾಂತರಾಜು ಮೂರನೇ ಸಲಕ್ಕೆ ಬೆವತುಹೋಗಿದ್ದ, ಬಿಡಿ ಮೇಡಂ, ಒಂದಿಷ್ಟು ಹೆಚ್ಚು ಕಮ್ಮಿ ಇರುತ್ತೆ ಅಂದ, ಒಂದಿಷ್ಟಂತೆ! ಬ್ಯಾಸ್ಕೆಟ್‌ಬಾಲಿನಲ್ಲಿ ಬುಟ್ಟಿಯಿಂದ ಮೂರು ಪಾಯಿಂಟಿನ ಗೆರೆಗೆ ಇರಬೇಕಾದ್ದು ಆರು ಮುಕ್ಕಾಲು ಮೀಟರ್, ದೇಶದಲ್ಲೆಲ್ಲ ಅಷ್ಟೇ, ಶಿವನಿಯ ಯುವಕ ಸಂಘದ ಮಣ್ಣಿನ ಕೋರ್ಟಿನಲ್ಲಿ ಮಾತ್ರ ಏಳೂಕಾಲು, ಅರ್ಧ ಮೀಟರ್ ಜಾಸ್ತಿ, ಅಂದರೆ ಒಂದು ಮೊಳಕ್ಕೆ ಮೋಸವಿಲ್ಲ. ಟಿಕೆಟ್ ಟಿಕೆಟ್, ಆಧಾರ್ ತೋರ್ಸಿ ತಾಯಿ, ಎಲ್ಲಿಗೆ — ತರೀಕೆರೆಗೆ, ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೈಗಿಡುತ್ತಾನೆ, ಗಂಟೆ ಹನ್ನೊಂದೂಕಾಲು, ಹನ್ನೆರಡಕ್ಕೆ ಬೆಂಗಳೂರಿನಲ್ಲಿ ತಂಡದ ಮ್ಯಾನೇಜರ್ ರಘು ಆಟಗಾರ್ತಿಯರ ಪಟ್ಟಿಗೆ ಬೀಗ ಹಾಕುತ್ತಾನೆ, ನಾಳೆ ಡ್ರಾಫ್ಟು, ಹೆಣ್ಣುಮಕ್ಕಳ ಹೊಸ ಲೀಗಿನ ಆರು ತಂಡಗಳು ಸಂಬಳ ಕೊಟ್ಟು ಆಟಗಾರ್ತಿಯರನ್ನು ಆರಿಸಿಕೊಳ್ಳುವ ದಿನ. ರಘುವಿನ ತಂಡಕ್ಕೆ ಬೇಕಾದದ್ದು ಒಬ್ಬಳೇ ಒಬ್ಬಳು ಸ್ಮಾಲ್ ಫಾರ್ವರ್ಡ್, ಆಟಗಾರರ ಬಾಯಲ್ಲಿ ಮೂರನೇ ನಂಬರು, ಎತ್ತರದವರನ್ನು ತಡೆಯಲೂ ಬೇಕು, ಗಿಡ್ಡದವರ ಜೊತೆ ಓಡಲೂ ಬೇಕು, ದೂರದಿಂದ ಬುಟ್ಟಿಗೆ ಹಾಕಲೂ ಬೇಕು, ಮನೆಯಲ್ಲಿ ಎಲ್ಲ ಕೆಲಸ ಮಾಡಿಯೂ ಹೆಸರಿಲ್ಲದ ಸೊಸೆಯ ಹಾಗೆ ಆ ಜಾಗ. ಅಂಥವಳನ್ನು ಈ ಸೀಮೆಯಲ್ಲಿ ನೋಡಿ ತಿಳಿಸಿ ಎಂದು, ತರೀಕೆರೆ ಕಾಲೇಜಿನ ದೈಹಿಕ ಶಿಕ್ಷಕಿ, ಒಂದು ಕಾಲಕ್ಕೆ ರಾಜ್ಯ ತಂಡದ ಮೂರನೇ ನಂಬರೇ ಆಗಿದ್ದ ಯಶೋಧರಾಳಿಗೆ ವಹಿಸಿದ್ದರು. ಅವಳು ನೋಡಿಯೂ ಆಯಿತು, ವರದಿ ಕಳಿಸಿ ನಾಲ್ಕು ದಿನವೂ ಆಯಿತು. ಒಂದು, ಕಡೂರಿನ ನಿಶ್ಚಿತಾ. ಎರಡು, ಲಕ್ಕವಳ್ಳಿ ಡ್ಯಾಂ ಕಾಲೊನಿಯ ಹುಡುಗಿ. ಮೂರು, ಶಿವನಿಯ ಸುಮನಾ. ಮೊದಲಿನ ಇಬ್ಬರ ಹೆಸರು ಪಟ್ಟಿಗೆ ಹೋಗುತ್ತದೆ, ಮೂರನೆಯವಳದು ಇಲ್ಲ, ಬೇರೆ ಯಾವ ತಂಡದವರೂ ಶಿವನಿಯಲ್ಲಿ ರೈಲಿಳಿದವರೇ ಅಲ್ಲ, ಸುಮನಾಳ ಆಟ ನೋಡಿದವಳು ಯಶೋಧರಾ ಒಬ್ಬಳೇ, ಇವಳು ಬರೆದರೆ ಉಂಟು, ಬರೆಯದಿದ್ದರೆ ಇಲ್ಲ.

ಇವತ್ತು ಹೋದದ್ದಾದರೂ ಏತಕ್ಕೆ, ಫಾರಂನಲ್ಲಿ ಒಂದು ಕಾಲಂ ಖಾಲಿ ಉಳಿದಿತ್ತು ಅಂತ, ತೋಳು ಚಾಚಿದರೆ ಎಷ್ಟಗಲ, ಅಷ್ಟನ್ನು ಅಳೆದುಕೊಂಡು ಬಂದುಬಿಡೋಣ ಅಂತ, ತಿರಸ್ಕರಿಸಿದವಳ ತೋಳನ್ನೂ ಅಳೆಯಬೇಕಂತೆ, ಅಂಥ ಶಿಸ್ತು. ಅಳೆದಳು, ನೂರ ಎಂಬತ್ತೊಂದು ಸೆಂಟಿಮೀಟರ್, ಹುಡುಗಿಯ ಎತ್ತರಕ್ಕಿಂತ ಏಳು ಹೆಚ್ಚು, ಇಷ್ಟುದ್ದ ತೋಳು ಇಟ್ಕೊಂಡು ಏನು ಮಾಡ್ತೀಯೇ ಅಂದರೆ, ಅಟ್ಟದ ಮೇಲಿನ ಡಬ್ಬ ಇಳಿಸಿಕೊಡ್ತೀನಿ ಮಿಸ್ ಅಂದಳು ಸುಮನಾ, ನಗಲಿಲ್ಲ, ಈ ಹುಡುಗಿ ತಮಾಷೆ ಮಾಡುವಾಗಲೂ ನಗುವುದಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು. ಚೆಂಡು ಕಾಲ ಬಳಿ ಉರುಳಿ ಬಂತು, ಯಶೋಧರಾ ಎತ್ತಿಕೊಂಡಳು, ನಲವತ್ತೊಂದು ವರ್ಷವಾದರೂ ಕೈ ಸುಮ್ಮನಿರಬೇಕಲ್ಲ, ಗೆರೆಯ ಹಿಂದೆ ನಿಂತು ಎಸೆದಳು, ಚೆಂಡು ಬುಟ್ಟಿ ಮುಟ್ಟದೆ ದಬ್ ಅಂತ ನೆಲಕ್ಕೆ ಬಿತ್ತು. ವಯಸ್ಸಾಯ್ತು ಬಿಡಿ ಮೇಡಂ ಅಂತ ಕಾಂತರಾಜು ಹಲ್ಲು ಬಿಟ್ಟ. ವಯಸ್ಸಾಗಿರುವುದು ನಿನ್ನಜ್ಜಿಗೆ! ಮೊನ್ನೆ ತಾನೆ ತರೀಕೆರೆಯಲ್ಲಿ ಹತ್ತಕ್ಕೆ ಆರು ಹಾಕಿದ ಕೈ ಇದು, ಮತ್ತೆ ಎಸೆದಳು, ಮತ್ತೆ ದಬ್, ಆಗ ತಲೆಗಿಂತ ಮೊದಲು ಕಾಲಿಗೆ ಗೊತ್ತಾಯಿತು, ಈ ಗೆರೆ ತಾನು ಕಂಡ ಗೆರೆಯಲ್ಲ, ತಾರೋ ಆ ಟೇಪು. ಅಳೆದ ಮೇಲೆ ಕತೆ ಬಿಚ್ಚಿಕೊಂಡಿತು. ಇಲ್ಲಿ ಗೆರೆ ಹಾಕುವುದು ಹಗ್ಗದಲ್ಲಿ, ಬುಟ್ಟಿಯ ನೇರ ಕೆಳಗೆ ಮೊಳೆ ಹೊಡೆದು, ತೆಂಗಿನ ನಾರಿನ ಹಗ್ಗ ಕಟ್ಟಿ, ಗಂಟು ಇರುವಲ್ಲಿ ಸುಣ್ಣದ ಪುಡಿ ಬಿಟ್ಟುಕೊಂಡು ಅರ್ಧ ಸುತ್ತು ನಡೆದರೆ ಗೆರೆ ಆಯಿತು. ಹಿಂದೆ ಗೆರೆ ಆರೂಕಾಲು ಮೀಟರಿಗೆ ಇತ್ತು, ನಿಯಮ ಬದಲಾಗಿ ಅರ್ಧ ಮೀಟರ್ ಹಿಂದಕ್ಕೆ ಹೋಯಿತು, ಆಗಿದ್ದ ಅಂಜಿನಪ್ಪ ಮೇಷ್ಟ್ರು ಹಳೇ ಗಂಟು ಬಿಚ್ಚಿ ಅರ್ಧ ಮೀಟರ್ ಆಚೆಗೆ ಹೊಸ ಗಂಟು ಹಾಕಿದರು, ಯಾರಿಗೂ ಹೇಳಲಿಲ್ಲ, ಹೇಳುವ ಜಾಯಮಾನ ಅಲ್ಲ ಅವರದು. ಅವರು ಬಿಟ್ಟ ಮೇಲೆ ಬಂದ ಕಾಂತರಾಜು ಯಾವುದೋ ತರಬೇತಿಯಲ್ಲಿ ಅದೇ ನಿಯಮ ಕೇಳಿಕೊಂಡು ಬಂದ, ಹಳೇ ಕಾಲದ ಮೇಷ್ಟ್ರು, ಅವರಿಗೆಲ್ಲಿ ಗೊತ್ತಿರುತ್ತೆ ಅಂದುಕೊಂಡ, ತಾನೂ ಅರ್ಧ ಮೀಟರ್ ಆಚೆಗೆ ಗಂಟು ಹಾಕಿದ. ಇಬ್ಬರೂ ಒಳ್ಳೆಯವರೇ, ಇಬ್ಬರೂ ಸರಿ ಮಾಡಲು ಹೋದವರೇ. ಹತ್ತು ವರ್ಷದಿಂದ ಒಂದು ಹುಡುಗಿ ಆ ಎರಡು ಗಂಟುಗಳ ಹಿಂದೆ ನಿಂತು ಚೆಂಡು ಎಸೆಯುತ್ತಿದ್ದಾಳೆ.

ಶಿವನಿಯ ಕೋರ್ಟಿನಲ್ಲಿ ದೂರದಿಂದ ಎಸೆದ ನೂರಕ್ಕೆ ಬುಟ್ಟಿಗೆ ಬಿದ್ದದ್ದು ಇಪ್ಪತ್ತೊಂಬತ್ತು. ವರದಿಯಲ್ಲಿ ಸುಮನಾಳ ಹೆಸರಿನ ಮುಂದೆ ಯಶೋಧರಾಳದೇ ಅಕ್ಷರ. ನಿಶ್ಚಿತಾಳ ಮುಂದೆ ನಲವತ್ತಮೂರು, ಕಡೂರಿನ ಸಿಮೆಂಟು ಕೋರ್ಟಿನಲ್ಲಿ, ನೆಟ್ಟಗೆ ಅಳೆದು ಬಣ್ಣ ಹೊಡೆದ ಗೆರೆಯ ಹಿಂದೆ ನಿಂತು. ಮತ್ತೆ ಹೋದ ತಿಂಗಳು ತರೀಕೆರೆಯಲ್ಲಿ ಟ್ರಯಲ್ಸ್ ಇಟ್ಟಾಗ, ಸರಿಯಾದ ಗೆರೆಯೇ ಇದ್ದಾಗ, ಸುಮನಾ ಪ್ರತಿ ಸಲವೂ ಗೆರೆಯಿಂದ ಒಂದು ಮೊಳ ಹಿಂದೆ ನಿಂತೇ ಎಸೆದಳಲ್ಲ, ಎರಡು ಪಾದ, ಮುಂದೆ ಒಂದು ಮೊಳ ಬರೀ ನೆಲ, ಅದರಾಚೆ ಗೆರೆ, ಕಣ್ಣೆದುರಿಗೇ ಇತ್ತು, ಅದನ್ನು ನೋಡಿಕೊಂಡೇ ಬರೆದಳು — ಗೆರೆಯ ಅರಿವಿಲ್ಲ, ಶಾಟ್ ಆಯ್ಕೆ ಕಳಪೆ, ಒಟ್ಟು ಅಂಕ ಹತ್ತಕ್ಕೆ ನಾಲ್ಕು. ಥೂ. ಏಳು ಅಂತ ಬರೆದಿದ್ದಳು ಮೊದಲು. ಏಳನ್ನು ಹೊಡೆದುಹಾಕಿ ನಾಲ್ಕು ಮಾಡಿದ್ದು ಯಾವಾಗ, ಹೇಳಿಬಿಡು ಯಶೋಧರಾ, ಇಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಹುಣಸೆಹಣ್ಣಿನ ಚೀಲ ಬಿಟ್ಟರೆ. ಟ್ರಯಲ್ಸ್ ಆದ ಮೇಲೆ ಶಿವನಿಗೆ ಹೋಗಿದ್ದಾಗ, ಸುಮನಾಳ ಮನೆಯಲ್ಲಿ, ಗೋಡೆಯ ಮೇಲೆ ಬುದ್ಧನ ಫೋಟೊ, ತಮ್ಮ ಮನೆಯಲ್ಲಿರುವಂಥದ್ದೇ, ಹುಡುಗಿಯ ತಾಯಿ ತೀರ್ಥಮ್ಮ ಕಾಫಿ ಲೋಟ ಕೈಗಿಟ್ಟು, ಪ್ರೀತಿಯಿಂದ, ಕಪಟವೇ ಇಲ್ಲದೆ, ನೀವು ನಮ್ಮೋರೇ ಅಲ್ವೇನವ್ವಾ, ಹುಡುಗೀನ ಕೈ ಬಿಡಬ್ಯಾಡಿ ಅಂದಿದ್ದಳು. ಆ ಒಂದು ಮಾತು ಸಾಕಾಯಿತು. ವಾಪಸು ಬರುವ ಬಸ್ಸಿನಲ್ಲಿ, ಇಂಥದ್ದೇ ಬಸ್ಸಿನಲ್ಲಿ, ಪೆನ್ನು ತೆಗೆದಳು, ನಾಳೆ ಯಾರಾದರೂ ತನ್ನೋಳು ಅಂತ ಏಳು ಹಾಕಿದಳು ಅಂದರೆ — ಯಾರೂ ಅಂದಿರಲಿಲ್ಲ, ಅನ್ನುವ ಮೊದಲೇ ಹೆದರಿ ಸುಮನಾಳ ಏಳನ್ನು ನಾಲ್ಕು ಮಾಡಿದಳು, ತಾನು ನ್ಯಾಯವಂತೆ ಅನ್ನಿಸಿಕೊಳ್ಳಲು ಒಂದು ಹುಡುಗಿಯ ಮೂರು ಅಂಕ ಕಿತ್ತುಕೊಂಡಳು. ನಿಶ್ಚಿತಾಳ ತಾಯಿ ಸುಲೋಚನಮ್ಮ ತೋಟದ ಎಳನೀರು ಕೊಟ್ಟು, ನಮ್ ಹುಡುಗೀನ ನೋಡ್ಕೊಳ್ಳಿ ಮೇಡಂ ಅಂದಾಗ ಇವಳ ಪೆನ್ನು ಅಲ್ಲಾಡಿತ್ತೇ? ಇಲ್ಲ. ಎಳನೀರು ಕುಡಿದಳು, ಬಾಯಿ ಒರೆಸಿಕೊಂಡಳು, ಎಂಟು ಹಾಕಿದಳು.

ಮತ್ತೆ ಇವತ್ತು ಬೆಳಿಗ್ಗೆ ಆದದ್ದನ್ನು ರಘುವಿಗೆ ಏನಂತ ಹೇಳುವುದು. ಅಳತೆ ಸಿಕ್ಕ ಖುಷಿಯಲ್ಲಿ ಕಾಲಿನಿಂದ ಆರು ಮುಕ್ಕಾಲಕ್ಕೆ ಗೀರು ಎಳೆದು, ಬಾರೇ ಸುಮನಾ, ಇಲ್ಲಿ ನಿಂತು ಹತ್ತು ಹಾಕು ನೋಡಾಣ ಅಂದಿದ್ದಳು, ಹತ್ತಕ್ಕೆ ಏಳಾದರೂ ಬೀಳುತ್ತವೆ, ವಿಡಿಯೊ ಕಳಿಸಿದರೆ ಮುಗಿಯಿತು ಅಂದುಕೊಂಡಿದ್ದಳು, ಹುಡುಗಿ ಬಂದು ನಿಂತಳು, ಎಸೆದಳು, ಚೆಂಡು ಬುಟ್ಟಿಯ ಹಿಂಬದಿಗೆ ಬಡಿದು ವಾಪಸು, ಎರಡನೆಯದೂ ಹಿಂಬದಿಗೆ, ಮೂರನೆಯದೂ, ಹತ್ತಕ್ಕೆ ಹತ್ತೂ ಹಿಂಬದಿಗೇ. ಕೈಗೆ ಗೊತ್ತಿರುವುದು ಏಳೂಕಾಲು, ಆರು ಮುಕ್ಕಾಲು ಅದಕ್ಕೆ ಅರ್ಥವೇ ಆಗುತ್ತಿಲ್ಲ. ಸುಮನಾಳ ಕಿವಿ ಕೆಂಪಗಾಯಿತು, ಇಲ್ಲಿ ನಿಂತ್ರೆ ಗೆರೆ ತುಳಿದಂಗೆ ಅನ್ಸುತ್ತೆ ಮಿಸ್ ಅಂದಳು, ಆಮೇಲೆ ಯಾರೂ ಹೇಳದೆಯೇ ಎರಡು ಹೆಜ್ಜೆ ಹಿಂದಕ್ಕೆ ಹೋದಳು, ತನ್ನ ಜಾಗಕ್ಕೆ, ಎರಡು ಪಾದ, ಮುಂದೆ ಒಂದು ಮೊಳ ನೆಲ. ಅಲ್ಲಿಂದ ಹತ್ತಕ್ಕೆ ನಾಲ್ಕು. ವಿಡಿಯೊ ತೆಗೆದಿಲ್ಲ, ತೆಗೆದರೂ ಏನು, ನಾಲ್ಕು ಅಂದರೆ ನಾಲ್ಕೇ ಕಾಣುತ್ತದೆ ಬೆಂಗಳೂರಿಗೆ, ಕಾಲು ಎಲ್ಲಿತ್ತು ಅನ್ನುವುದು ಯಾರಿಗೆ ಬೇಕು.

ಅಜ್ಜಂಪುರ, ಅಜ್ಜಂಪುರ ಇಳಿಯೋರು ಬರ್ರೀ, ಜನ ಇಳಿಯುತ್ತಾರೆ, ಹತ್ತುತ್ತಾರೆ, ಹುಣಸೆಹಣ್ಣಿನವಳು ಚೀಲ ಬಿಚ್ಚಿಕೊಂಡು ಹೋದಳು, ಬರೀ ಕಂಬಿ ಉಳಿಯಿತು, ಕಿಟಕಿಯಾಚೆ ಒಂದು ದಿನಸಿ ಅಂಗಡಿ, ಕಟ್ಟೆ ಹತ್ತಿ ನಿಂತ ಹೆಂಗಸರು, ತನ್ನ ಓಬಮ್ಮಜ್ಜಿಗೆ ಇಂಥ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ, ಯಗಟಿಯಲ್ಲಿ, ಅವಳ ಬಾಯಿಂದಲೇ ಕೇಳಿದ್ದು, ದೂರ ನಿಂತ್ಕೊಂಡು ಕಾಸು ಹಲಗೆ ಮೇಲೆ ಇಡಬೇಕಿತ್ತಂತೆ, ಇಡ್ತಿರಲಿಲ್ಲ ಕಣೇ ಮಗಾ ನಾನು, ನಿಂತಲ್ಲಿಂದಲೇ ಬೀಸಿ ಒಗೀತಿದ್ದೆ, ತಕ್ಕಡಿ ತಟ್ಟೆಗೇ ಠಣ್ ಅಂತ ಬೀಳೋದು, ಸೆಟ್ಟಿ ಎದೆ ಹಿಡ್ಕೊಳ್ಳೋನು. ಹೇಳಿ ಹೇಳಿ ನಗುತ್ತಿದ್ದಳು ಹಲ್ಲಿಲ್ಲದ ಬಾಯಿ ಬಿಟ್ಟುಕೊಂಡು. ಇಲ್ಲ, ಬೇಡ, ಇದಕ್ಕೂ ಅದಕ್ಕೂ ಗಂಟು ಹಾಕಬೇಡ, ಅಜ್ಜಿಯನ್ನು ಹಿಂದೆ ನಿಲ್ಲಿಸಿದ್ದರು, ಸುಮನಾಳನ್ನು ಯಾರೂ ನಿಲ್ಲಿಸಿಲ್ಲ, ಒಂದು ಹಗ್ಗ ನಿಲ್ಲಿಸಿತು, ಆಮೇಲೆ ಅವಳ ತೋಳು ಆ ದೂರವನ್ನು ತನ್ನದು ಮಾಡಿಕೊಂಡಿತು. ಹಿಂದೆ ಉಳಿದವಳಲ್ಲ ಅವಳು, ದೂರದಿಂದ ಮುಟ್ಟುವವಳು! ಅಯ್ಯೋ ಪೆದ್ದೀ, ಅವಳನ್ನು ಗೆರೆಗೆ ಕರೆದು ನಿಲ್ಲಿಸಿ ಪರೀಕ್ಷೆ ಮಾಡಿದೆಯಲ್ಲ, ಆಟಗಾರ್ತಿಯರನ್ನು ಹುಡುಕಿಕೊಡುವವಳಂತೆ ನೀನು, ಮೂರನೇ ನಂಬರಾಗಿ ಹನ್ನೆರಡು ವರ್ಷ ಆಡಿದ್ದು ಯಾವ ಪುರುಷಾರ್ಥಕ್ಕೆ, ಏಳೂಕಾಲಿನಿಂದ ಹತ್ತಕ್ಕೆ ನಾಲ್ಕು ಹಾಕುವವಳನ್ನು ತಡೆಯಬೇಕಾದರೆ ಎದುರಾಳಿ ಎಲ್ಲಿಗೆ ಬರಬೇಕು, ಹೇಳು ನೋಡೋಣ, ಗೆರೆ ದಾಟಿ ಹೊರಗೆ ಬರಬೇಕು, ಹೊರಗೆ ಬಂದರೆ ಅವಳ ಬೆನ್ನ ಹಿಂದೆ ದಾರಿ ತೆರೆಯಿತು, ಸುಮನಾ ಆ ಉದ್ದ ತೋಳು ಚಾಚಿಕೊಂಡು ನುಗ್ಗುತ್ತಾಳೆ. ನಿಶ್ಚಿತಾ ಒಳ್ಳೆಯ ಆಟಗಾರ್ತಿಯೇ, ಇಲ್ಲ ಅಂದವರ ನಾಲಿಗೆ ಬಿದ್ದುಹೋಗಲಿ, ಆದರೆ ಚೆಂಡು ಕೈ ತಪ್ಪಿದರೆ ಸೊಂಟದ ಮೇಲೆ ಕೈಯಿಟ್ಟು ಎರಡು ಗಳಿಗೆ ಆಕಾಶ ನೋಡುತ್ತಾಳೆ, ಸುಮನಾ ಅಷ್ಟರೊಳಗೆ ಕೋರ್ಟಿನ ಇನ್ನೊಂದು ತುದಿಯಲ್ಲಿ ಇರುತ್ತಾಳೆ, ಇದನ್ನೂ ಯಶೋಧರಾ ನೋಡಿದ್ದಳು, ಇದನ್ನೂ ಬರೆದಿರಲಿಲ್ಲ.

ಫೋನು. ರಘು. ಹನ್ನೊಂದು ನಲವತ್ತೆಂಟು. ಮೇಡಂ, ಪಟ್ಟಿ ಲಾಕ್ ಮಾಡ್ತಾ ಇದೀನಿ, ಒಂದು ಎರಡು ಹಾಗೇ ಇರ್ಲಿ ಅಲ್ವಾ — ಇಲ್ಲ ರಘು, ಸುಮನಾ ಒಂದು, ನಿಶ್ಚಿತಾ ಎರಡು. ಅತ್ತ ಕೀಬೋರ್ಡಿನ ಸದ್ದು ನಿಂತಿತು. ಮೇಡಂ, ಅವಳಿಗೆ ನೀವೇ ಹತ್ತಕ್ಕೆ ನಾಲ್ಕು ಹಾಕಿದೀರ. ಹಾಕಿದೀನಿ, ತಪ್ಪು ಹಾಕಿದೀನಿ, ಅಲ್ಲಿ ಗೆರೆ ಅರ್ಧ ಮೀಟರ್ ದೂರ ಇದೆ ಕಣಪ್ಪಾ, ನಾನೇ ಕೈಯಾರೆ ಅಳೆದೆ, ಹಗ್ಗದ ಕತೆ ಹೇಳಿದಳು, ಪಕ್ಕದ ಸೀಟಿನವಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು, ಕೇಳಲಿ. ಸರಿ, ಹಾಗಾದ್ರೆ ಸರಿಯಾದ ಗೆರೆಯಿಂದ ಎಷ್ಟು ಹಾಕಿದ್ಲು ಅಂತ ಕೇಳಿದ ರಘು. ಹತ್ತಕ್ಕೆ ಸೊನ್ನೆ. ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು ಏಳು ಅನ್ನುವುದು, ಹೇಳಲಿಲ್ಲ, ಈ ಹುಡುಗಿಯ ಹೆಸರಿನಲ್ಲಿ ಇನ್ನೊಂದು ಸುಳ್ಳು ಅಂಕ ಬೇಡ. ಸೊನ್ನೆನಾ ಮೇಡಂ, ಅವನಿಗೆ ನಗು ಬಂದಿರಬೇಕು, ಕೆಮ್ಮಿ ಮುಚ್ಚಿಕೊಂಡ. ಸೊನ್ನೆನೇ, ಅವಳ ಜಾಗದಿಂದ ನಾಲ್ಕು, ಆ ಜಾಗಕ್ಕೆ ಬಂದು ಅವಳನ್ನ ತಡೆಯೋ ಒಬ್ಬಳನ್ನ ತೋರಿಸು ನಿನ್ನ ಲೀಗಲ್ಲಿ. ಆಮೇಲೆ ಅವನು ದನಿ ಇಳಿಸಿ, ತಪ್ಪು ತಿಳ್ಕೋಬೇಡಿ ಮೇಡಂ, ಮೇಲಿನವರು ಕೇಳ್ತಾರೆ, ಕೊನೇ ಗಳಿಗೆಯಲ್ಲಿ ಬದಲಾಯಿಸಿದ್ದಕ್ಕೆ, ಆ ಹುಡುಗಿ ನಿಮ್ಮೋರು ಅಂತಾನಾ — ಬಂತು. ಇಷ್ಟು ದಿನ ಯಾವ ಮಾತಿಗೆ ಹೆದರಿದ್ದಳೋ ಆ ಮಾತು ಬಂದೇಬಿಟ್ಟಿತು, ಬಂದರೆ ಇಷ್ಟೇನಾ, ಇಷ್ಟಕ್ಕಾ ಹೆದರಿದ್ದು. ಹೌದಪ್ಪಾ, ನಮ್ಮೋಳೇ, ಅಂದಳು, ಬಸ್ಸಿಗೆಲ್ಲ ಕೇಳುವ ಹಾಗೆ, ನಮ್ಮೋಳು ಅಂತಲೇ ನಾಲ್ಕು ಹಾಕಿದ್ದು ನಾನು, ಬೇರೆಯವರ ಮನೆ ಹುಡುಗಿ ಆಗಿದ್ರೆ ಅವತ್ತೇ ಏಳು ಹಾಕ್ತಿದ್ದೆ, ಅದನ್ನೂ ಬರ್ಕೋ, ಮೇಲಿನವರಿಗೆ ಓದಿ ಹೇಳು. ಮೇಡಂ, ಹಾಕ್ತೀನಿ, ಆದ್ರೆ ಅವಳು ಆಡ್ಲಿಲ್ಲ ಅಂದ್ರೆ ಮುಂದಿನ ವರ್ಷ ನಿಮ್ಮನ್ನ ಕರೆಯಲ್ಲ, ನನ್ನ ಕೈಯಲ್ಲಿ ಇರಲ್ಲ. ಕರೀಬೇಡ. ಸುಮನಾ ಅಂತ ಟೈಪ್ ಮಾಡು, ನಾನು ಕೇಳಿಸ್ಕೋತೀನಿ. ಕೀಲಿಗಳ ಸದ್ದು ಒಂದೊಂದಾಗಿ ಕೇಳಿಸಿತು, ಆಯ್ತು ಮೇಡಂ, ಒಂದನೇ ನಂಬರಲ್ಲಿ ಹಾಕಿದೀನಿ.

ಫೋನು ಆರಿತು, ಪಕ್ಕದವಳು ಒಳ್ಳೇದು ಮಾಡಿದ್ರಿ ಬಿಡಿ ಅನ್ನುತ್ತಾಳೆ, ಏನು ಎತ್ತ ಗೊತ್ತಿಲ್ಲದಿದ್ದರೂ, ನಾಳೆ ಹೆಸರು ಕರೆಯಬಹುದು, ಕರೆಯದೆಯೂ ಇರಬಹುದು, ತೀರ್ಥಮ್ಮ ನಮ್ಮೋರು ಅಂದದ್ದು ಸರಿ, ಕೈ ಬಿಡಬ್ಯಾಡಿ ಅಂದದ್ದೂ ಸರಿ, ಬಿಟ್ಟಿದ್ದೆ ತಾಯಿ, ಮತ್ತೆ ಹಿಡಿದುಕೊಂಡೆ, ಸುಮನಾಳಿಗೆ ಫೋನು ಮಾಡಬೇಕು, ಮುಂದೆ ಬರಬೇಡ ಕಣೇ ಅನ್ನಬೇಕು, ಯಾವ ಕೋಚು ಕರೆದರೂ ಗೆರೆಗೆ ಬರಬೇಡ, ನಿನ್ನ ಜಾಗದಲ್ಲೇ ನಿಲ್ಲು, ಬೇಕಾದವರು ಅಲ್ಲಿಗೆ ಬರಲಿ, ಎಲ್ಲಿ ಈ ನಂಬರು, ಕಣ್ಣ ಮುಂದೆ ಆಗಲೇ ದೊಡ್ಡ ಕೋರ್ಟು, ಹೊಳೆಯುವ ಮರದ ನೆಲ, ಎರಡು ಪಾದ, ಮುಂದೆ ಒಂದು ಮೊಳ ನೆಲ, ಅದರಾಚೆ ಬಿಳಿ ಗೆರೆ — ಎರಡು ಪಾದ, ಒಂದು ಮೊಳ ನೆಲ, ಗೆರೆ — ಗೆರೆ ದಾಟಿ, ಬರಲೋ ಬೇಡವೋ ಎಂದು, ಅವಳತ್ತ ಬರುತ್ತಿರುವ ಇನ್ನೆರಡು ಪಾದ.