ಅರಗಿನ ಮೇಲಿನ ಅಚ್ಚು

ಅಣ್ಣ ಲೇತನ್ನು ತೊಳೆದಿಟ್ಟಿದ್ದ. ತೊಳೆದದ್ದಷ್ಟೇ ಅಲ್ಲ, ಬಿಡಿಬಿಡಿಯಾಗಿ ಕಳಚಿ, ಒಂದೊಂದನ್ನೂ ಪಾಲಿಶ್ ಚಕ್ರಕ್ಕೆ ಹಿಡಿದು ತಿಕ್ಕಿದ್ದ. ಬೆಳಿಗ್ಗೆ ನಾನು ನಮ್ಮ ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆಗೆ ಬಂದಾಗ ಕಿಟಕಿಯ ಕೆಳಗಿನ ಮೇಜಿನ ಮೇಲೆ ಅದು ಮದುವಣಗಿತ್ತಿಯ ಹಾಗೆ ಮಿನುಗುತ್ತಿತ್ತು. ನಾನು ಕಂಡಂತೆ ಅದು ಎಂದೂ ಮಿನುಗಿದ್ದಿಲ್ಲ. ಅಪ್ಪನ ಬೆರಳು ತಾಗುವ ಜಾಗ ಮಾತ್ರ ಬೆಳ್ಳಗಿದ್ದು, ಉಳಿದ ಮೈಯೆಲ್ಲ ಎಣ್ಣೆ ಕುಡಿದು ಕಪ್ಪಾಗಿರುತ್ತಿತ್ತು.

"ಹೇಗಿದೆ?" ಅಂದ ಅಣ್ಣ, ಸೊಂಟಕ್ಕೆ ಕೈ ಕೊಟ್ಟುಕೊಂಡು. "ಗಾಜಿನ ಪೆಟ್ಟಿಗೇಲಿ ಇಟ್ಟು ಮೇಲಿಂದ ಲೈಟ್ ಬಿಟ್ರೆ, ನೋಡಿದೋರ ಕಣ್ಣು ಕುಕ್ಕಬೇಕು!"

ಅಪ್ಪ ಕುರ್ಚಿಯಿಂದ ಎದ್ದು ಬಂದರು. ಕಣ್ಣಿಗೆ ಐಗ್ಲಾಸ್ ಎಂಬ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಲೇತಿನ ಬಾಯಿಯ ಹತ್ತಿರ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಐಗ್ಲಾಸ್ ತೆಗೆದು ಜೇಬಿಗೆ ಹಾಕಿ, ವಾಪಸ್ಸು ಹೋಗಿ ಕೂತರು. ಏನೂ ಅನ್ನಲಿಲ್ಲ.

ನಮ್ಮ ಮನೆಯಲ್ಲಿ ಮಾತಿಗಿಂತ ಮೌನಕ್ಕೇ ಬಗೆ ಹೆಚ್ಚು. ಅಪ್ಪನ ಸಿಟ್ಟಿನ ಮೌನ ಬೇರೆ, ಕೆಲಸದ ಮೌನ ಬೇರೆ, ಸಾರಿಗೆ ಉಪ್ಪು ಕಡಿಮೆಯಾದಾಗಿನ ಮೌನ ಇನ್ನೂ ಬೇರೆ. ಅಕ್ಷರ ಕಲಿಯುವ ಮೊದಲೇ ನಾನು ಇವನ್ನು ಓದಲು ಕಲಿತಿದ್ದೆ. ಆದರೆ ಅವತ್ತಿನದು ಹೊಸದು. ಅವರು ನೋಡಿದ ಜಾಗವನ್ನೇ ನಾನೂ ಬಗ್ಗಿ ನೋಡಿದೆ.

ಚುಕ್ಕೆ ಹೋಗಿತ್ತು.

ಗಡಿಯಾರದವರ ಲೇತ್ ಎಂದರೆ ಕಾರ್ಖಾನೆಯ ದೈತ್ಯವಲ್ಲ. ಮೊಳಕೈಯಿಂದ ಮಣಿಕಟ್ಟಿನವರೆಗಿನಷ್ಟು ಉದ್ದ, ಅಷ್ಟೆ. ಪಕ್ಕದಲ್ಲಿ ಕೈಯಿಂದ ತಿರುಗಿಸುವ ಭಾರದ ಚಕ್ರ; ಅದರಿಂದ ಒಂದು ದಾರ ಲೇತಿನ ತಲೆಗೆ. ಎಡಗೈ ಚಕ್ರ ತಿರುಗಿಸಿದರೆ ಬಲಗೈ ಉಳಿ ಹಿಡಿಯುತ್ತದೆ. ಉಕ್ಕಿನ ಕಡ್ಡಿಯನ್ನು ಕಾಲೆಟ್ ಎಂಬ ಸೀಳು ಬಾಯಿಯ ಪುಟ್ಟ ಕೊಳವೆ ಕಚ್ಚಿ ಹಿಡಿಯುತ್ತದೆ. ಆ ಕಾಲೆಟ್ ಪ್ರತಿ ಸಲವೂ ಒಂದೇ ರೀತಿ ಕೂರಲಿ ಎಂದು ಲೇತಿನ ಗಂಟಲೊಳಗೆ ಒಂದು ಮೊಳೆ ಇರಬೇಕು. ನಮ್ಮದರಲ್ಲಿ ಅದು ಅಜ್ಜನ ಕಾಲದಲ್ಲೇ ಮುರಿದಿತ್ತು. ಅಪ್ಪ ಅದನ್ನು ರಿಪೇರಿ ಮಾಡುವ ಗೋಜಿಗೆ ಹೋಗಲಿಲ್ಲ. ಯಾವ ಕಾಲೆಟ್ ಹೇಗೆ ಕೂತರೆ ಕಡ್ಡಿ ಅಲ್ಲಾಡದೆ ತಿರುಗುತ್ತದೆ ಎಂದು ಹುಡುಕಿ, ಕಾಲೆಟ್ಟಿನ ಮೇಲೊಂದು, ಲೇತಿನ ಬಾಯಿಯ ಅಂಚಿನಲ್ಲೊಂದು, ಸೂಜಿಯಿಂದ ಗೀರಿ ಚುಕ್ಕೆ ಇಟ್ಟರು. ಚುಕ್ಕೆಗೆ ಚುಕ್ಕೆ ಕೂಡಿಸಿದರೆ ನೇರ, ತಪ್ಪಿದರೆ ಓಲಾಟ. ಅವರು ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಕಾಲೆಟ್ ಹಾಕುವಾಗ ಅವರ ಹೆಬ್ಬೆರಳು ಒಂದು ಕ್ಷಣ ತಡೆಯುವುದನ್ನು ನೋಡಿ ನೋಡಿ ನನಗೆ ತಿಳಿದಿತ್ತು. ಅಣ್ಣನಿಗೆ ತಿಳಿಯುವ ಹಾಗಿರಲಿಲ್ಲ. ಅವನಿಗೆ ಕಲಿಸಲು ಹೋಗಿ ಅಪ್ಪನಿಗೂ ಸಾಕಾಗಿ, ಅವನಿಗೂ ಸಾಕಾಗಿ, ಅವನು ಮುಂದಿನ ಕೌಂಟರಿಗೆ ಹೋದ. ಸೆಲ್ ಹಾಕುವುದು, ಬೆಲ್ಟ್ ಬದಲಿಸುವುದು, ಬಂದವರನ್ನು ನಗಿಸುವುದು. ಅದರಲ್ಲಿ ಅವನು ಗಟ್ಟಿಗ. ಪ್ರೀತಿಯಿಂದಲೇ ತಿಕ್ಕಿದ್ದ, ಪಾಪ. ಪ್ರೀತಿಯಿಂದಲೇ ಅದರ ಕಣ್ಣು ಕಿತ್ತಿದ್ದ.

ಅಪ್ಪನ ಬಲಗೈ ನಡುಗತೊಡಗಿದ ಮೇಲೆ ಅವರು ಆ ಮೇಜಿಗೆ ಕೂತಿರಲಿಲ್ಲ. ಚೌಕದ ದೊಡ್ಡ ವಾಚ್ ಶೋರೂಮಿನ ಸಾಹುಕಾರರು ಲೇತನ್ನು ತಮ್ಮ ಬಾಗಿಲಲ್ಲಿ ಗಾಜಿನೊಳಗೆ ಇಡಲು ಕೇಳಿದರು. ಬದಲಿಗೆ ಅಲ್ಲಿನ ರಿಪೇರಿ ಕೌಂಟರ್ ಅಣ್ಣನ ಕೈಗೆ. ಅಪ್ಪ "ಆಗ್ಲಿ" ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ಡಿಗ್ರಿ ಮುಗಿಸಿ ಬಂದ ಮೇಲೆ ಮಧ್ಯಾಹ್ನಗಳಲ್ಲಿ ನಾನು ಆ ಲೇತಿನ ಮುಂದೆ ಕೂತು ಹೊಲಿಗೆ ಸೂಜಿಗಳನ್ನು ಕೊರೆದು ಹಾಳು ಮಾಡುತ್ತಿದ್ದೆ. ಆಮೇಲಾಮೇಲೆ ಹಾಳಾಗುವುದು ಕಡಿಮೆಯಾಯಿತು. ಅಪ್ಪ ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಅದನ್ನು ಒಪ್ಪಿಗೆ ಎಂದು ಓದಿಕೊಂಡಿದ್ದೆ. ತಪ್ಪು ಓದಿರಬೇಕು. ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ ಎಂದು ಎಷ್ಟೋ ದಿನದಿಂದ ಒಳಗೊಳಗೇ ಕುದಿಯುತ್ತಿದ್ದೆ.

ಅವತ್ತು ಮಧ್ಯಾಹ್ನ ದಾದಿಯಮ್ಮ ಬಂದರು. ಆಸ್ಪತ್ರೆಯಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಬೀದಿಗೆಲ್ಲ ಅವರು ದಾದಿಯಮ್ಮನೇ. ಎದೆಗೆ ಪಿನ್ನಿನಿಂದ ತಲೆಕೆಳಗಾಗಿ ಸಿಕ್ಕಿಸಿಕೊಳ್ಳುವ ಗಡಿಯಾರವನ್ನು ಕೌಂಟರಿನ ಮೇಲೆ ಇಟ್ಟರು.

"ಇದು ನಿಂತು ಹೋಗಿದೆ ಕಣಪ್ಪಾ. ನಾನಿನ್ನೂ ನಿಂತಿಲ್ಲ. ಇದ್ಯಾವ ನ್ಯಾಯ?"

ಅಣ್ಣ ಅದರ ಬೆನ್ನು ಬಿಚ್ಚಿ ನೋಡಿದ. "ಬಿದ್ದಿದೆ ಅಲ್ವಾ ಅಮ್ಮ? ಅಚ್ಚು ಮುರಿದಿದೆ. ಇದರ ಪಾರ್ಟು ಈಗ ಎಲ್ಲೂ ಸಿಗಲ್ಲ. ಹೊಸದು ತೋರಿಸ್ಲಾ?"

"ಶೋರೂಮಲ್ಲೂ ಇದೇ ಹಾಡು. ಪಾರ್ಟ್ ಸಿಗಲ್ಲ ಅಂತ ನಾನು ಯಾವ ರೋಗೀನಾದ್ರೂ ವಾಪಸ್ ಕಳಿಸಿದ್ದೀನಾ? ಇದನ್ನ ನೋಡ್ಕೊಂಡು ಎಷ್ಟು ಜನರ ನಾಡಿ ಹಿಡಿದಿದ್ದೀನಿ ಗೊತ್ತಾ? ನೀನು ಕೂಸಾಗಿದ್ದಾಗ ನಿನ್ನದೂ ಹಿಡಿದಿದ್ದೆ. ಕೆಂಪಿರುವೆ ಕಚ್ಚಿದ ಹಾಗೆ ಅರಚ್ತಿದ್ದೆ."

ನಾನು ಪರದೆ ಸರಿಸಿ ಹೊರಗೆ ಬಂದೆ. "ಸಿಗಲ್ಲ ಅಂದ್ರೆ ಮಾಡ್ಬೇಕು. ನಾನು ಮಾಡಿ ಕೊಡ್ತೀನಿ."

"ಓಹೋ, ಬಿ.ಎ. ಮೇಡಂ ಮಾಡ್ತಾರಂತೆ!" ಅಣ್ಣ ನಕ್ಕ. ಆಮೇಲೆ ದನಿ ತಗ್ಗಿಸಿದ. "ನಾಳೆ ಸಾಯಂಕಾಲ ಸಾಹುಕಾರ್ರು ಪೆಟ್ಟಿಗೆ ತಗೊಂಡು ಬರ್ತಾರೆ. ನೆನಪಿದೆ ತಾನೆ?"

"ನಾಳೆ ತಾನೆ? ಇವತ್ತು ಅದು ಇಲ್ಲೇ ಇದೆಯಲ್ಲ."

"ಜಗಳ ನಾನು ಹೋದ್ಮೇಲೆ ಆಡಿ," ಅಂದರು ದಾದಿಯಮ್ಮ. "ನಾಡಿದ್ದು ಬರ್ತೀನಿ. ನಾನು ಬರೋ ಹೊತ್ತಿಗೆ ಇದರ ನಾಡಿ ಹೊಡೀತಿರ್ಬೇಕು."

ಗಡಿಯಾರದ ಎದೆಯಲ್ಲಿ ಅತ್ತಿತ್ತ ಆಡುವ ಚಕ್ರಕ್ಕೆ ಒಂದು ಅಚ್ಚು ಇರುತ್ತದೆ. ಅಕ್ಕಿಕಾಳಿಗಿಂತ ಸಣ್ಣದು. ಅದರ ಎರಡು ತುದಿಗಳು ಕೂದಲಿನಷ್ಟು ತೆಳ್ಳಗೆ. ಆ ಎರಡೂ ತುದಿ ಒಂದೇ ನೇರದಲ್ಲಿ ಇರಬೇಕು, ಇಲ್ಲದಿದ್ದರೆ ಚಕ್ರ ಕುಡುಕನ ಹಾಗೆ ಹೆಜ್ಜೆ ಹಾಕುತ್ತದೆ. ಒಂದು ತುದಿ ಕೊರೆಯುವುದು ದೊಡ್ಡ ಮಾತಲ್ಲ. ಕಷ್ಟವಿರುವುದು ಅದನ್ನು ಕತ್ತರಿಸಿ, ತಿರುಗಿಸಿ ಹಿಡಿದು, ಇನ್ನೊಂದು ತುದಿ ಕೊರೆಯುವಾಗ. ಆಗ ಹಿಡಿತ ನೇರವಿಲ್ಲದಿದ್ದರೆ ಎಲ್ಲ ಮುಗಿಯಿತು. ಅಪ್ಪ ಬದುಕಿಡೀ ನಂಬಿದ್ದ ಚುಕ್ಕೆ ಇದ್ದದ್ದೇ ಅದಕ್ಕೆ.

ಕಾಲೆಟ್ ಹಾಕಿ, ನೇರವಾದೊಂದು ಕಡ್ಡಿ ಕಚ್ಚಿಸಿ, ಚಕ್ರ ತಿರುಗಿಸಿದೆ. ಐಗ್ಲಾಸಿನಲ್ಲಿ ಕಡ್ಡಿಯ ತುದಿ ಗಾಳಿಯಲ್ಲಿ ಸೊನ್ನೆ ಬರೆಯಿತು. ಕಾಲೆಟ್ ಸ್ವಲ್ಪ ತಿರುಗಿಸಿ ಹಾಕಿದೆ. ಸೊನ್ನೆ. ಇನ್ನೂ ಸ್ವಲ್ಪ. ದೊಡ್ಡ ಸೊನ್ನೆ. ಪಾಲಿಶ್ ಚಕ್ರ ಚುಕ್ಕೆಯೊಂದನ್ನೇ ಅಲ್ಲ, ಕಾಲೆಟ್ಟಿನ ಅಂಚನ್ನೂ ತಿಂದಿತ್ತು. ಅದು ನೇರ ಕೂರುವ ಜಾಗವೇ ಈಗ ಉಳಿದಿರಲಿಲ್ಲ.

ಪರದೆಯ ಸಂದಿಯಿಂದ ಅಣ್ಣ ಇಣುಕಿದ. "ಏನಾಯ್ತು?"

"ಓಲಾಡ್ತಿದೆ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ನೆಲ ಡೊಂಕೇ ಕಣೋ. ನಿನ್ನೆ ರಾತ್ರಿ ನೀನೇ ಡೊಂಕು ಮಾಡಿದ್ದು." ಚುಕ್ಕೆಯ ವಿಷಯ ಹೇಳಿದೆ. ಅವನ ಮುಖ ಸಣ್ಣದಾಯಿತು. ಒಂದು ಕ್ಷಣ ಅಪ್ಪನ ಕಡೆ ನೋಡಿದ. "ಅಪ್ಪಾ, ಒಂದು ಮಾತು ಹೇಳ್ಬಾರದಿತ್ತಾ?" ಅಂದ.

ಅಪ್ಪ ನನ್ನ ಕಡೆ ತಿರುಗಿ ಹೇಳಿದರು: "ಬಿಟ್ಬಿಡು ಪುಟ್ಟಿ. ಅದು ಸತ್ತಿದೆ. ಇನ್ನು ಅದಕ್ಕೆ ಗಾಜಿನ ಪೆಟ್ಟಿಗೇನೇ ಸರಿ."

ಆ ದನಿಯಲ್ಲಿ ದುಃಖವಿದ್ದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆನೇನೋ. ಅದರಲ್ಲಿ ಇದ್ದದ್ದು ನೆಮ್ಮದಿ. ಬೆಳಗಿನ ಮೌನದ ಅರ್ಥ ಈಗ ಹೊಳೆಯಿತು. ಲೇತೇ ಸತ್ತಿದ್ದರೆ ತಮ್ಮ ಕೈ ಸತ್ತದ್ದಕ್ಕೆ ಅಳಬೇಕಾಗಿಲ್ಲ. ಇಬ್ಬರೂ ಒಟ್ಟಿಗೆ ಹೋದಂತೆ. ಆ ಲೆಕ್ಕದಲ್ಲಿ ನಾನು ಎಲ್ಲೂ ಇರಲಿಲ್ಲ.

"ನಿಮ್ಮ ಚುಕ್ಕೆ ಸತ್ತಿದೆ ಅಪ್ಪಾ," ಅಂದೆ. "ಲೇತ್ ಅಲ್ಲ."

ಆ ಮನೆಯಲ್ಲಿ ಅಪ್ಪನಿಗೆ ಯಾರೂ ಹಾಗೆ ಎದುರು ಮಾತಾಡಿದ್ದಿಲ್ಲ.

"ಡೊಂಕು ನೆಲದ ಮೇಲೇ ಕುಣೀತೀನಿ, ನೋಡ್ತಿರು," ಅಂದೆ ಅಣ್ಣನಿಗೆ, ಹೆಚ್ಚಾಗಿ ನನಗೇ.

ಮೇಜಿನ ಕೆಳಗಿನ ಖಾನೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇತ್ತು, ಅದರಲ್ಲಿ ಕಂದು ಅರಗಿನ ಚೂರುಗಳು. ಅಜ್ಜ ಅಚ್ಚನ್ನು ಕರಗಿಸಿದ ಅರಗಿನ ಮೇಲೆ ಅಂಟಿಸಿ ಕೂರಿಸಿ ಕೊರೆಯುತ್ತಿದ್ದರಂತೆ. ನಿಧಾನದ ಕೆಲಸ. ಚುಕ್ಕೆ ಸಿಕ್ಕ ಮೇಲೆ ಅಪ್ಪ ಅದನ್ನು ಬಿಟ್ಟಿದ್ದರು. ರಾತ್ರಿ ಮಲಗಿ ಅದರ ಬಗ್ಗೆಯೇ ಯೋಚಿಸಿದೆ. ಕಾಲೆಟ್ ಎಷ್ಟೇ ಸೊಟ್ಟಗೆ ಕೂರಲಿ, ಒಂದು ಹಿತ್ತಾಳೆ ತುಂಡನ್ನು ಅದರಲ್ಲಿ ಹಿಡಿಸಿ, ಅಲ್ಲೇ ಅದರ ಮುಖದಲ್ಲಿ ಗುಳಿ ಕೊರೆದರೆ, ಆ ಗುಳಿಯ ನಡು ತಪ್ಪಲು ಸಾಧ್ಯವೇ ಇಲ್ಲ. ತಿರುಗುತ್ತಿರುವಾಗಲೇ ಹುಟ್ಟಿದ ನಡು ಅದು. ಆ ಗುಳಿಗೆ ಅರಗು ತುಂಬಿ ಅಚ್ಚಿನ ಕೊರೆದ ತುದಿಯನ್ನು ಕೂರಿಸಿದರೆ ಅಚ್ಚೂ ನೇರ. ಹಿತ್ತಾಳೆಯನ್ನು ಮಾತ್ರ ಕೆಲಸ ಮುಗಿಯುವವರೆಗೆ ಬಿಚ್ಚಬಾರದು. ಬಿಚ್ಚಿದರೆ ಹೋಯಿತು, ಮತ್ತೆ ಮೊದಲಿನಿಂದ.

ಮರುದಿನ ನೀಲಿ ಬಣ್ಣ ಬರುವವರೆಗೆ ಕಾಯಿಸಿದ ಉಕ್ಕಿನ ಕಡ್ಡಿಯಿಂದ ಮೊದಲ ತುದಿ ಕೊರೆದೆ. ಒಂದು ಸಲ ಮುರಿಯಿತು. ಇನ್ನೊಂದು ಸಲ ಮುರಿಯಿತು. ಚೂರು ಎಲ್ಲಿ ಹಾರಿತೋ ಸಿಗಲಿಲ್ಲ. ಊಟಕ್ಕೆ ಏಳಲಿಲ್ಲ. ಅಣ್ಣ ಮುಂದೆ ಯಾರಿಗೋ ಹೇಳುತ್ತಿದ್ದ: "ಒಳಗೆ ಆಪರೇಷನ್ ನಡೀತಿದೆ, ಮೆಲ್ಲಗೆ ಮಾತಾಡಿ." ಮೂರನೆಯದು ನಿಂತಿತು. ಅದನ್ನು ಕತ್ತರಿಸಿ ಗಾಜಿನ ಬಟ್ಟಲಿನಲ್ಲಿ ಇಟ್ಟು, ಹಿತ್ತಾಳೆ ತುಂಡು ಹಿಡಿಸಿ, ಉಳಿಯ ಮೊನೆಯಿಂದ ಗುಳಿ ತೆಗೆದೆ. ಗುಳಿಯ ಆಳದಲ್ಲಿ ಒಂದು ಮುಳ್ಳಿನಷ್ಟೂ ಉಬ್ಬು ಉಳಿಯಬಾರದು, ಉಳಿದರೆ ಅಚ್ಚು ಅದರ ಮೇಲೆ ಜಾರುತ್ತದೆ. ಉಸಿರು ಹಿಡಿದು ಮತ್ತೆ ಮತ್ತೆ ಕೆರೆದೆ. ಕೊನೆಗೆ ಗುಳಿಯ ತಳ ಐಗ್ಲಾಸಿನಲ್ಲಿ ನಿಶ್ಚಲವಾಗಿ ನಿಂತಿತು. ಲೇತ್ ತಿರುಗುತ್ತಿತ್ತು, ಆ ಒಂದು ಬಿಂದು ಮಾತ್ರ ತಿರುಗುತ್ತಿರಲಿಲ್ಲ.

ಅಷ್ಟರಲ್ಲಿ ಸಾಹುಕಾರರು ಬಂದರು. ಹಿಂದೆ ಒಬ್ಬ ಬಡಗಿ, ಅವನ ತೋಳಿನಲ್ಲಿ ತೇಗದ ಚೌಕಟ್ಟಿನ ಗಾಜಿನ ಪೆಟ್ಟಿಗೆ.

"ಎಲ್ಲಿ ನಮ್ಮ ರಾಣಿ?" ಅನ್ನುತ್ತ ಒಳಗೇ ಬಂದುಬಿಟ್ಟರು. "ಆಹಾ! ಏನು ಹೊಳಪು!"

ನಾನು ಆಗತಾನೆ ಗುಳಿಗೆ ಅರಗು ಹಾಕಿ ದೀಪ ಹಚ್ಚಿದ್ದೆ. ಏಳಲಿಲ್ಲ. "ಮುಟ್ಬೇಡಿ. ಕೆಲಸ ನಡೀತಿದೆ."

"ಯಾವ ಕೆಲಸ? ಇದನ್ನ ನನಗೆ ಕೊಟ್ಟಾಗಿದೆಯಲ್ಲಮ್ಮಾ."

"ಕೊಟ್ಟೋರು ಕೊಟ್ಟಿರಬಹುದು. ಕೂತಿರೋಳು ನಾನು."

"ಏ, ಎದ್ದೇಳೇ," ಅಂದ ಅಣ್ಣ. ಅವನ ದನಿಯಲ್ಲಿ ಕೋಪಕ್ಕಿಂತ ಬೇಡಿಕೆ ಹೆಚ್ಚಿತ್ತು. "ನನ್ನ ಹೊಟ್ಟೆ ಮೇಲೆ ಹೊಡೀಬೇಡ."

ಅದು ನಾಟಿತು. ಆದರೂ ಕೂತೇ ಇದ್ದೆ. "ನಿನ್ನ ಕೈಯಲ್ಲಿ ಕಸುಬಿದೆ, ಅದನ್ನ ನೋಡಿ ಅವರು ಕೆಲಸ ಕೊಡ್ಲಿ. ಇದನ್ನ ನೋಡಿ ಬೇಡ."

ಸಾಹುಕಾರರು ನಕ್ಕರು. "ಹೆಣ್ಣುಮಗಳು, ಓದಿದೋಳು. ಈ ಹಳೇ ಕಬ್ಬಿಣದ ಮುಂದೆ ಕೂತು ಕಣ್ಣು ಯಾಕೆ ಕಳ್ಕೋತೀಯಮ್ಮಾ?"

"ನೋಡೋಕೆ ಇಟ್ಟರೆ ಹಳೇ ಕಬ್ಬಿಣ. ತಿರುಗಿದ್ರೆ ಲೇತು."

ಫ್ಯಾನಿನ ಗಾಳಿಗೆ ದೀಪ ಹೊಯ್ದಾಡಿತು. ಅರಗು ಒಂದು ಕಡೆ ಕರಗಿ ಇನ್ನೊಂದು ಕಡೆ ಗಟ್ಟಿಯಾಗುತ್ತಿತ್ತು. ಆಗ ನನಗೆ ಇನ್ನೊಂದು ಕಷ್ಟ ಕಂಡಿತು. ಒಂದು ಕೈಗೆ ದೀಪ ಬೇಕು, ಇನ್ನೊಂದಕ್ಕೆ ಅಚ್ಚನ್ನು ಮೆಲ್ಲಗೆ ಒತ್ತಿ ನೇರಕ್ಕೆ ತರುವ ಮರದ ಕಡ್ಡಿ. ಚಕ್ರ ತಿರುಗಿಸಲು ಮೂರನೆಯ ಕೈ ಇರಲಿಲ್ಲ. ಇಷ್ಟೆಲ್ಲ ಜಂಬ ಕೊಚ್ಚಿ ಎರಡೇ ಕೈಯೊಂದಿಗೆ ಕೂತಿದ್ದೆ. ಯಾರನ್ನೂ ಕೇಳಲು ನಾಲಿಗೆ ಏಳಲಿಲ್ಲ.

ಕುರ್ಚಿ ಕಿರುಗುಟ್ಟಿತು. ಅಪ್ಪ ಎದ್ದು ಗೋಡೆಯ ಹತ್ತಿರ ಹೋಗಿ ಫ್ಯಾನ್ ಆರಿಸಿದರು. ರೆಕ್ಕೆಗಳು ನಿಲ್ಲುವವರೆಗೂ ಅಲ್ಲೇ ನಿಂತರು. ದೀಪ ನೆಟ್ಟಗೆ ನಿಂತಿತು. ಅವರು ನನ್ನ ಎಡಕ್ಕೆ ಸ್ಟೂಲ್ ಎಳೆದು ಕೂತು, ನಡುಗುವ ಕೈಯನ್ನು ಚಕ್ರದ ಹಿಡಿಯ ಮೇಲೆ ಇಟ್ಟರು. ಚಕ್ರ ಭಾರದ್ದು, ನಡುಕವನ್ನೆಲ್ಲ ನುಂಗಿಕೊಂಡು ಸಮನಾಗಿ ತಿರುಗಿತು.

"ಕಡ್ಡಿ ಹಿಡಿ," ಅಂದರು. "ಒತ್ತಬೇಡ. ಸುಮ್ಮನೆ ತಾಗಿಸು."

ಅರಗು ಜೇನಿನಂತಾಯಿತು. ಕೊರೆದ ತುದಿಯನ್ನು ಗುಳಿಗೆ ಇಳಿಸಿ, ಹೊರಗಿದ್ದ ಮೈಗೆ ಕಡ್ಡಿ ತಾಗಿಸಿದೆ. ಕಡ್ಡಿಯ ಇನ್ನೊಂದು ತುದಿ ಮೊದಲು ಜ್ವರ ಬಂದವರ ಹಾಗೆ ನಡುಗಿತು, ಆಮೇಲೆ ಕಡಿಮೆಯಾಯಿತು, ಆಮೇಲೆ ನಿಂತಿತು. ದೀಪ ತೆಗೆದೆ. ಅರಗು ಆರಿ ಗಟ್ಟಿಯಾಗುವವರೆಗೂ ಅಪ್ಪ ತಿರುಗಿಸುತ್ತಲೇ ಇದ್ದರು. ಸಾಹುಕಾರರ ಹಣೆಯಿಂದ ಬೆವರು ಇಳಿದು ಕಾಲರಿಗೆ ಹೋಯಿತು.

"ಇದು ಮುಗಿದ ಮೇಲೆ ತಗೊಂಡು ಹೋಗ್ತೀನಿ," ಅಂದರು ಕೊನೆಗೆ.

"ಮುಗಿದ ಮೇಲೆ ಇನ್ನೊಂದು ಬರುತ್ತೆ," ಅಂದೆ ನಾನು, ತಲೆ ಎತ್ತದೆ.

ಅವರು ಅಪ್ಪನನ್ನು ನೋಡಿದರು. "ಏನು ಯಜಮಾನ್ರೇ, ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ," ಅಂದರು ಅಪ್ಪ. "ಸತ್ತಿದೆ ಅಂದ್ಕೊಂಡಿದ್ದೆ." ಚಕ್ರದ ಮೇಲಿನ ಕೈ ತೆಗೆಯಲಿಲ್ಲ.

ಸಾಹುಕಾರರು ಹೋದರು. ಅಣ್ಣ ಅವರ ಹಿಂದೆಯೇ ಹೋದವನು ಕತ್ತಲಾದ ಮೇಲೆ ಬಂದ, ಊಟ ಮಾಡದೆ ಮಲಗಿದ. ಕೌಂಟರ್ ಅವನಿಗೆ ಸಿಗಲಿಲ್ಲ. ನನ್ನ ಮೇಲಿನ ಅವನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯಬೇಕು ಎಂದು ನಾನೂ ಕೇಳಿಲ್ಲ. ಬಡಗಿ ಬಿಟ್ಟುಹೋದ ಗಾಜಿನ ಪೆಟ್ಟಿಗೆಯಲ್ಲಿ ಈಗ ಅವನು ಬೆಲ್ಟುಗಳನ್ನು ತೂಗುಹಾಕಿದ್ದಾನೆ.

ಎರಡನೆಯ ತುದಿ ಕೊರೆದು, ಸ್ಪಿರಿಟ್ಟಿನಲ್ಲಿ ಅರಗು ಬಿಡಿಸಿ, ಅಚ್ಚನ್ನು ಗಡಿಯಾರದ ಚಕ್ರಕ್ಕೆ ಕೂರಿಸಿದೆ. ದಾದಿಯಮ್ಮ ಹೇಳಿದ ದಿನಕ್ಕೇ ಬಂದು ಗಡಿಯಾರವನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದರು.

"ಸ್ವಲ್ಪ ಹಿಂದೆ ಬೀಳುತ್ತೆ," ಅಂದೆ.

"ಬೀಳ್ಲಿ ಬಿಡು. ನಾನೇನು ಓಡ್ತಿದ್ದೀನಾ?" ಎದೆಗೆ ಸಿಕ್ಕಿಸಿಕೊಂಡು, ಶೋರೂಮಿನ ಮುಂದಿನ ದಾರಿಯಲ್ಲೇ ಹೋಗುತ್ತೇನೆ ಎಂದು ಹೇಳಿ ಹೊರಟರು.

ಅವತ್ತು ಮಧ್ಯಾಹ್ನ ಅಪ್ಪ ಸೂಜಿಯೊಂದನ್ನು ಚೂಪು ಮಾಡಿ ನನ್ನ ಮುಂದೆ ಇಟ್ಟರು.

"ಕಾಲೆಟ್ ಅಂಚು ಸರಿ ಮಾಡ್ಕೊಂಡು, ನೇರ ಎಲ್ಲಿ ಸಿಗುತ್ತೋ ಹುಡುಕು. ಹುಡುಕಿ ಚುಕ್ಕೆ ಇಡು. ಕೆಲಸ ಬೇಗ ಆಗುತ್ತೆ."

ನಾನು ಸೂಜಿಯನ್ನು ಕಾಲೆಟ್ಟಿಗೆ ಕಚ್ಚಿಸಿದೆ. ಕೊರೆಯಲು ಒಳ್ಳೆಯ ಉಕ್ಕು.

"ಬೇಡ ಅಪ್ಪಾ. ಪ್ರತಿ ಸಲ ಹೊಸದಾಗೇ ಗುಳಿ ತೆಗೀತೀನಿ."

"ಸೊಕ್ಕು," ಅಂದರು ಅಪ್ಪ. ಸ್ಟೂಲ್ ಎಳೆದುಕೊಂಡು ಚಕ್ರದ ಹಿಡಿಗೆ ಕೈ ಹಾಕಿದರು. "ನಿಮ್ಮಜ್ಜನದ್ದೇ ಸೊಕ್ಕು."