ನಿಂಗಕ್ಕ ಬಿಡಿಸಿ ತೋರಿಸಿದ ತೋಳದ ಮಲ

ಕುರಿ ಕಾಯುತ್ತಿದ್ದ ನಿಂಗಕ್ಕ ಈಗ ನನ್ನಿವಾಳ ಊರಿನ ಹುಲ್ಲುಗಾವಲಿನಲ್ಲಿ ಪ್ರವಾಸಿಗರಿಗೆ ತೋಳಗಳ ಜಾಡು ತೋರಿಸುತ್ತಾಳೆ. ಮೊನ್ನೆ ಭಾನುವಾರ ಬಂದ ಕುಟುಂಬವೊಂದರ ಮಗಳ ಮುಂದೆ ತೋಳದ ಒಣಗಿದ ಮಲವನ್ನು ಕಡ್ಡಿಯಿಂದ ಬಿಡಿಸಿದಳು.

"ಇದ್ರಾಗೆ ಮೊಲದ ಕೂದ್ಲು ಇರ್ತೈತೆ, ನೋಡಮ್ಮ."

"ಛೀ, ಗಲೀಜು," ಎಂದು ಕೂಸನ್ನು ಎತ್ತಿಕೊಂಡಿದ್ದ ತಾಯಿ ಮೂಗು ಮುಚ್ಚಿಕೊಂಡಳು.

ಒಳಗಿದ್ದದ್ದು ಕೂದಲಲ್ಲ, ಮಕ್ಕಳ ಡೈಪರಿನ ಚೂರು. ತೋಳ ಸೀಳಿದ ಕುರಿಯನ್ನು ಹೊತ್ತು ತಂದಾಗಲೂ ನಿಂಗಕ್ಕನಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ತಲೆಯೆತ್ತಿದರೆ, ಕೂಸಿನ ಮೈಯಿಂದ ಆಗಷ್ಟೇ ಬಿಚ್ಚಿದ ಡೈಪರನ್ನು ತಂದೆ ಪೊದೆಗೆ ಎಸೆಯುತ್ತಿದ್ದ.

"ಎತ್ಕೊಳ್ರಿ ಅದನ್ನ," ಎಂದಳು.

"ಕಾಡು ತಾನೇ, ಬಿಡಮ್ಮ," ಎಂದು ಅವನು ನಕ್ಕ.

ನಿಂಗಕ್ಕ ಆ ಚೂರನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಅವನ ಮುಖದೆದುರು ಹಿಡಿದಳು. "ತೋಳ ತಿಂದಿದ್ದು ಇದು, ನೋಡ್ರಿ."

ಅವನು ಓಕರಿಸುತ್ತಲೇ ಪೊದೆಗೆ ಕೈಹಾಕಿದ. ನಿಂಗಕ್ಕ ಅವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದಳು.